ಹಿನ್ನೀರಿನಿಂದ ಹಿನ್ನೀರಿಗೆ
ನಾರಾಯಣಪುರದ ಒಂದು ಕುಟುಂಬ ದಸರಾ ರಜೆಯಲ್ಲಿ ಚೀನಾ ಪ್ರವಾಸಕ್ಕೆ ಹೊರಟಿದೆ ಎಂದಿಟ್ಟುಕೊಳ್ಳಿ. ತಂದೆ, ತಾಯಿ, ಒಂಬತ್ತನೇ ತರಗತಿಯಲ್ಲಿ ಓದುವ ಮಗಳು, ಜತೆಗೆ ಎಪ್ಪತ್ತು ದಾಟಿದ ಮುತ್ಯಾ. ಹಿಂದೆ ಈ ಭಾಗದವರಿಗೆ ಪ್ರವಾಸವೆಂದರೆ ಶ್ರೀಶೈಲ, ಪಂಢರಪುರ, ಬಹಳವಾದರೆ ಕಾಶಿ. ಈಗ ಕಾಲ ಬದಲಾಗಿದೆ. 2020ರಲ್ಲಿ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾಯಿತು. ತಂಡ ಕಟ್ಟಿಕೊಂಡು ಹೋಗುವವರಿಗೆ ಆ ದೊಡ್ಡ ದೇಶದ ಬಾಗಿಲು ಪುನಃ ತೆರೆದಿದೆ.

ಮುತ್ಯಾ ಹೊರಟದ್ದಕ್ಕೆ ಒಂದು ಕಾರಣವಿದೆ. ಪ್ರವಾಸದ ಕಾರ್ಯಕ್ರಮ ಪಟ್ಟಿಯನ್ನು ಮೊಮ್ಮಗಳು ಓದಿ ಹೇಳುತ್ತಿದ್ದಾಗ ಮಹಾಗೋಡೆ, ಅರಮನೆ, ಮಣ್ಣಿನ ಸೈನಿಕರು ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಏಳನೆಯ ದಿನದ ಸಾಲು ಬಂದಾಗ ಮಾತ್ರ ತಲೆ ಎತ್ತಿದರು. ಅಲ್ಲಿ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಅಣೆಕಟ್ಟಿನ ಹೆಸರಿತ್ತು. "ಆ ಡ್ಯಾಮ್ ಒಂದು ನೋಡ್ತೀನಿ, ತಂಗಿ" ಎಂದರು. ಅವರು ಹುಟ್ಟಿದ ಊರು ಬಸವಸಾಗರದ ಹಿನ್ನೀರಿನ ಕೆಳಗಿದೆ. ಆಯಿಯನ್ನೂ ಕರೆದರು. ಆಕೆ, "ನಾ ಒಲ್ಲೆ, ಎಮ್ಮಿ ಯಾರು ನೋಡ್ಕೋತಾರ?" ಎಂದು ಮನೆಯಲ್ಲೇ ಉಳಿದಳು. ಉಳಿದರೂ ಎರಡು ದಿನ ಕೂತು ಕಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದಳು. ಇದು ವಿಜ್ಞಾನಕ್ಕೆ ಒಪ್ಪುವ ಬುತ್ತಿ. ಬೂಸು ಬೆಳೆಯಲು ನೀರು ಬೇಕು. ಕಡಕ್ ರೊಟ್ಟಿಯಲ್ಲಿ ಅದಕ್ಕೆ ದಕ್ಕುವಷ್ಟು ತೇವ ಉಳಿದಿರುವುದಿಲ್ಲ. ಹಣ್ಣು, ಹಾಲಿನ ಪದಾರ್ಥಗಳನ್ನು ಮಾತ್ರ ಕಟ್ಟಿಕೊಳ್ಳಬಾರದು. ಚೀನಾದ ಸುಂಕದ ಕಟ್ಟೆಯಲ್ಲಿ ಅವನ್ನು ಒಳಗೆ ಬಿಡುವುದಿಲ್ಲ.

ಪಾಲಕರು ಗಮನಿಸಬೇಕಾದ ಇನ್ನೊಂದು ಮಾತು. ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ. ಇಡೀ ದೇಶವೇ ಆಗ ಪ್ರವಾಸ ಹೊರಟಿರುತ್ತದೆ. ಆ ವಾರ ಕಳೆದ ಮೇಲೆ ಕಾಲಿಟ್ಟರೆ ನೋಡಲು ಏನಾದರೂ ಉಳಿದಿರುತ್ತದೆ. ಇಲ್ಲವಾದರೆ ಮುಂದಿನವರ ಬೆನ್ನು ನೋಡಿಕೊಂಡು ಬರಬೇಕಾಗುತ್ತದೆ.

ಬೀಜಿಂಗ್‌ನಲ್ಲಿ ಇಳಿದ ಕೂಡಲೇ ಕೈಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು. ಚೀನಾ ಪೂರ್ವ ಪಶ್ಚಿಮವಾಗಿ ಸುಮಾರು 60 ರೇಖಾಂಶಗಳಷ್ಟು ಹರಡಿದೆ. ಒಂದು ರೇಖಾಂಶಕ್ಕೆ 4 ನಿಮಿಷದಂತೆ ಲೆಕ್ಕ ಹಾಕಿದರೆ ದೇಶದ ಎರಡು ತುದಿಗಳ ಸೂರ್ಯನಿಗೆ ನಾಲ್ಕು ಗಂಟೆಗಳ ಅಂತರ. ಆದರೂ 1949ರಿಂದ ಇಡೀ ದೇಶಕ್ಕೆ ಒಂದೇ ಗಡಿಯಾರ. ಪಶ್ಚಿಮ ತುದಿಯ ಕಾಶ್ಗರ್‌ನಲ್ಲಿ ಗಡಿಯಾರ ಹನ್ನೆರಡು ತೋರಿಸುವಾಗ ಸೂರ್ಯ ಇನ್ನೂ ಬೆಳಗಿನ ಸೂರ್ಯನೇ. ಇದನ್ನು ಕೇಳಿ ನಗುವ ಮೊದಲು ಮಕ್ಕಳು ನಾರಾಯಣಪುರದ ಲೆಕ್ಕವನ್ನೂ ಮಾಡಿ ನೋಡಲಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ. ನಾರಾಯಣಪುರ ಇರುವುದು 76.35ರ ಆಸುಪಾಸಿನಲ್ಲಿ. ಅಂದರೆ ಇಲ್ಲಿಯ ನಿಜವಾದ ಮಧ್ಯಾಹ್ನ, ವರ್ಷದ ಸರಾಸರಿಯಲ್ಲಿ, ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತೈದಕ್ಕೆ.

ಅದೇ ರಾತ್ರಿ ಮಾಡಬಹುದಾದ ಪ್ರಯೋಗವೂ ಒಂದಿದೆ, ಖರ್ಚಿಲ್ಲದ್ದು. ತೋಳನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಾರಾಯಣಪುರದಲ್ಲಿ ಧ್ರುವನಕ್ಷತ್ರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಇರುತ್ತದೆ. ಊರಿನ ಅಕ್ಷಾಂಶ 16. ಬೀಜಿಂಗ್‌ನಲ್ಲಿ ನಾಲ್ಕು ಮುಷ್ಟಿ. ಅಲ್ಲಿಯ ಅಕ್ಷಾಂಶ 40. ಭೂಮಿ ಗುಂಡಗಿದೆ ಎಂಬುದನ್ನು ಪುಸ್ತಕದಲ್ಲಿ ಓದಿದ ಹುಡುಗಿ ತನ್ನ ಮುಷ್ಟಿಯಿಂದಲೇ ಅಳೆದು ನೋಡಿದಂತಾಯಿತು. ನಗರದ ದೀಪ, ಮಂಜು ಅಡ್ಡ ಬಾರದಿದ್ದರೆ ಸರಿ.

ಬೀಜಿಂಗ್‌ನ ಅರಮನೆಯ ಬಗ್ಗೆ ಮಾರ್ಗದರ್ಶಿಗಳು ಚಕ್ರವರ್ತಿಗಳ ಕಥೆ ಬೇಕಾದಷ್ಟು ಹೇಳುತ್ತಾರೆ. ಅದು ಕಟ್ಟಿ ಮುಗಿದದ್ದು 1420ರಲ್ಲಿ. ಹಿಂಭಾಗದ ಮೆಟ್ಟಿಲ ನಡುವೆ ಮಲಗಿರುವ, 200 ಟನ್‌ಗೂ ಹೆಚ್ಚು ತೂಕದ ಕೆತ್ತನೆಯ ಕಲ್ಲಿನ ಮುಂದೆ ಒಂದು ನಿಮಿಷ ನಿಂತರೆ ಅಷ್ಟೇ ಸಾಕು. ಇಂತಹ ಬಂಡೆಗಳನ್ನು ಸುಮಾರು 70 ಕಿ.ಮೀ. ದೂರದ ಗಣಿಯಿಂದ ತಂದದ್ದು ಚಳಿಗಾಲದಲ್ಲಿ. ದಾರಿಯುದ್ದಕ್ಕೂ ಅರ್ಧ ಕಿಲೋಮೀಟರಿಗೊಂದು ಬಾವಿ ತೋಡಿ, ನೀರು ಚೆಲ್ಲಿ, ಅದು ಹೆಪ್ಪುಗಟ್ಟಿದ ಮೇಲೆ ಹಿಮದ ಮೇಲೆ ಜಾರಿಸಿ ಎಳೆದರು. ಗಾಡಿಯ ಚಕ್ರ ಅಷ್ಟು ಭಾರ ತಾಳುವುದಿಲ್ಲ. ನೀರು ಸವರಿದ ಹಿಮದ ಮೇಲೆ ಘರ್ಷಣೆ ಬಹಳ ಕಡಿಮೆ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡನೆಯ ದಿನ ಮಹಾಗೋಡೆ. ಅದು ಒಂದೇ ಗೋಡೆಯಲ್ಲ, ಹಲವು ರಾಜವಂಶಗಳು ಕಟ್ಟಿದ ಹಲವು ಗೋಡೆಗಳು. 2012ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಎಲ್ಲ ಸೇರಿ 21,196 ಕಿ.ಮೀ. ಚಂದ್ರನಿಂದ ಬರಿಗಣ್ಣಿಗೆ ಕಾಣುವ ಏಕೈಕ ಮಾನವ ನಿರ್ಮಿತಿ ಎಂದು ಈಗಲೂ ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇದೆ. ತಪ್ಪು. ಗೋಡೆಯ ಅಗಲ ಆರು ಮೀಟರಿನ ಆಸುಪಾಸು. ಚಂದ್ರನ ದೂರ 3,84,000 ಕಿ.ಮೀ. ಇದು ಒಂದು ತಲೆಗೂದಲನ್ನು ನಾಲ್ಕೂವರೆ ಕಿಲೋಮೀಟರ್ ದೂರದಿಂದ ನೋಡಿದಂತೆ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಭೂಮಿಗೆ ಅಷ್ಟು ಹತ್ತಿರದ ಕಕ್ಷೆಯಿಂದಲೇ ತಮಗೆ ಗೋಡೆ ಕಾಣಲಿಲ್ಲ ಎಂದು ಹೇಳಿದರು. ಇನ್ನು ಮಿಂಗ್ ಕಾಲದ ಕೋಟೆ ಗೋಡೆಗಳ ಸುಣ್ಣದ ಗಾರೆಗೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರು. ಗಂಜಿಯ ಪಿಷ್ಟ ಸುಣ್ಣದ ಹರಳುಗಳನ್ನು ಸಣ್ಣದಾಗಿ, ಒತ್ತಾಗಿ ಹಿಡಿದಿಡುತ್ತದೆ. ಹಳೆಯ ವಾಡೆಗಳ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದುದನ್ನು ಕೇಳಿ ಬಲ್ಲ ಮುತ್ಯಾನಿಗೆ ಇದು ಆಶ್ಚರ್ಯವೆನಿಸುವುದಿಲ್ಲ.

ತಂಡದ ಪ್ರವಾಸದಲ್ಲಿ ಒಂದು ಕಿರಿಕಿರಿ ಇದ್ದೇ ಇದೆ. ಗೋಡೆಯ ಮೇಲೆ ಒಂದೂವರೆ ಗಂಟೆ ಕೊಟ್ಟವರು ರೇಷ್ಮೆ ಅಂಗಡಿಗೆ, ಹಸಿರು ಕಲ್ಲಿನ ಅಂಗಡಿಗೆ ಎರಡು ಗಂಟೆ ಕೊಡುತ್ತಾರೆ. ಹೊರಡುವ ಮೊದಲೇ ಪಟ್ಟಿಯಲ್ಲಿ ಇಂತಹ ನಿಲುಗಡೆ ಎಷ್ಟಿವೆ ಎಂದು ಕೇಳಿಕೊಳ್ಳುವುದು ಲೇಸು. ಊಟದ ಮಾತಿಗೆ ಬಂದರೆ, ಸಸ್ಯಾಹಾರಿಗಳು "ವೋ ಚಿ ಸು" ಎಂಬ ಮೂರು ಶಬ್ದ ಕಲಿತರೆ ಅರ್ಧ ಕೆಲಸ ಆಯಿತು. ಉಳಿದರ್ಧಕ್ಕೆ ಆಯಿಯ ಡಬ್ಬಿ ಇದೆ.

ಮೂರನೆಯ ದಿನ ಬೆಳಿಗ್ಗೆ ಶಿಯಾನ್ ನಗರಕ್ಕೆ ವೇಗದ ರೈಲು. ಗಂಟೆಗೆ 300 ಕಿ.ಮೀ. ದಾಟಿ ಓಡುತ್ತಿದ್ದರೂ ಮುಂದಿನ ಹಲಗೆಯ ಮೇಲಿಟ್ಟ ನೀರಿನ ಲೋಟ ಅಲುಗುವುದಿಲ್ಲ. ಎಲ್ಲರೂ ಮೊಬೈಲಿನಲ್ಲಿ ವೇಗದ ಚಿತ್ರ ತೆಗೆಯುತ್ತಿರುವಾಗ ರೈಲು ಶಿಜಿಯಾಜುವಾಂಗ್ ಎಂಬ ನಗರವನ್ನು ಹಾಯುತ್ತದೆ. ಪ್ರವಾಸದ ಪಟ್ಟಿಯಲ್ಲಿ ಈ ಊರಿನ ಹೆಸರಿರುವುದಿಲ್ಲ. ಆದರೆ ನಾರಾಯಣಪುರದವರು ಕಿಟಕಿಯಿಂದ ಒಮ್ಮೆ ಹೊರಗೆ ನೋಡಬೇಕು. ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಸಮಾಧಿ ಇರುವುದು ಇಲ್ಲಿ.

ಕೋಟ್ನಿಸ್ ಸೊಲ್ಲಾಪುರದವರು, ಹುಟ್ಟಿದ್ದು 1910ರಲ್ಲಿ. ಸೊಲ್ಲಾಪುರ ಇಂದು ಮಹಾರಾಷ್ಟ್ರದಲ್ಲಿದ್ದರೂ ಕನ್ನಡಿಗರಿಗೆ ಅದು ಸಿದ್ಧರಾಮನ ಸೊನ್ನಲಿಗೆ. ಈ ಕಡೆಯ ಎಷ್ಟೋ ಮನೆಗಳ ಚಾದರ ಬರುವುದು ಅಲ್ಲಿಂದಲೇ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ವೈದ್ಯರನ್ನು ಕಳಿಸಬೇಕೆಂದು ಭಾರತದ ರಾಷ್ಟ್ರೀಯ ಕಾಂಗ್ರೆಸ್ ತೀರ್ಮಾನಿಸಿತು. ಆಗ ಸುಭಾಷಚಂದ್ರ ಬೋಸ್ ಅಧ್ಯಕ್ಷರು. ಅಟಲ್, ಚೋಳ್ಕರ್, ಕೋಟ್ನಿಸ್, ಬಸು, ಮುಖರ್ಜಿ ಎಂಬ ಐವರು ವೈದ್ಯರು ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹತ್ತಿದರು. ಅವರದೂ ಒಂದು ತಂಡ. ಅವರಿಗೂ ಚೀನಾ ಹೊಸದು, ಭಾಷೆ ಬಾರದು. ಆದರೆ ಅವರು ಇಳಿದದ್ದು ಬಾಂಬು ಬೀಳುತ್ತಿದ್ದ ಗ್ವಾಂಗ್‌ಜೌ ನಗರದಲ್ಲಿ. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ನಗರ ಜಪಾನೀಯರ ವಶವಾಯಿತು. ತಂಡದವರಿಗೆ ಚೀನೀ ಹೆಸರು ಇಟ್ಟಾಗ ಪ್ರತಿಯೊಬ್ಬರ ಹೆಸರಿನ ಕೊನೆಗೆ ಚೀನಾವನ್ನು ಸೂಚಿಸುವ 'ಹುವಾ' ಎಂಬುದನ್ನು ಸೇರಿಸಿದರು. ಕೋಟ್ನಿಸ್ 'ಕೆ ದಿಹುವಾ' ಆದರು. ಉಳಿದ ನಾಲ್ವರು ಒಬ್ಬೊಬ್ಬರಾಗಿ ತಾಯ್ನಾಡಿಗೆ ಮರಳಿದರು, ಕೋಟ್ನಿಸ್ ಮರಳಲಿಲ್ಲ. ಅಲ್ಲಿಯೇ ಆಸ್ಪತ್ರೆಯ ಮುಖ್ಯಸ್ಥರಾಗಿ, ಚೀನೀ ದಾದಿಯನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿಗೇ ತೀರಿಕೊಂಡರು. ಅವರ ಕಥೆಯನ್ನು ವಿ. ಶಾಂತಾರಾಂ 1946ರಲ್ಲಿ ಸಿನಿಮಾ ಮಾಡಿದರು. ರೈಲು ಆ ಊರನ್ನು ದಾಟಿ ಹೋಗಲು ಎಷ್ಟು ಹೊತ್ತು? ಮುತ್ಯಾ ಸುಪಾರಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು.

ಶಿಯಾನ್‌ನಲ್ಲಿ ಸಂಜೆ 'ದೊಡ್ಡ ಕಾಡುಬಾತು ಗೋಪುರ' ಎಂಬ ಇಟ್ಟಿಗೆಯ ಸ್ತೂಪವನ್ನು ತೋರಿಸುತ್ತಾರೆ. 652ರಲ್ಲಿ ಇದನ್ನು ಕಟ್ಟಿಸಲು ಕಾರಣನಾದವನ ಹೆಸರು ಸಮಾಜ ವಿಜ್ಞಾನದ ಪುಸ್ತಕ ಓದಿದ ಮಕ್ಕಳಿಗೆಲ್ಲ ಗೊತ್ತು: ಹ್ಯೂಯೆನ್‌ತ್ಸಾಂಗ್. ಭಾರತ ಸುತ್ತಿ 645ರಲ್ಲಿ ಮರಳಿದಾಗ ಅವನು ಹೊತ್ತು ತಂದ 657 ಗ್ರಂಥಗಳನ್ನು ಕಾಪಾಡಲೆಂದೇ ಎದ್ದ ಗೋಪುರವಿದು. ಅವನು ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದಿದ್ದ. ಇಲ್ಲಿಯ ಜನ ಉಪಕಾರ ಮರೆಯದವರು, ಅವಮಾನವನ್ನೂ ಮರೆಯದವರು, ಸೇಡು ತೀರಿಸಿಕೊಳ್ಳುವ ಮೊದಲು ಶತ್ರುವಿಗೆ ಎಚ್ಚರಿಕೆ ಕೊಡುವವರು ಎಂಬರ್ಥದಲ್ಲಿ ಬರೆದ. ಹರ್ಷನಿಗೂ ಈ ರಾಜ ಮಣಿಯಲಿಲ್ಲ ಎಂದೂ ದಾಖಲಿಸಿದ. ಕೃಷ್ಣೆಯ ಬಯಲಿನವರ ಗುಣದ ಬಗ್ಗೆ ಹದಿಮೂರು ಶತಮಾನಗಳ ಹಿಂದೆ ಒಬ್ಬ ಚೀನೀಯ ಪ್ರವಾಸಿ ಕೊಟ್ಟ ಈ ಪ್ರಮಾಣಪತ್ರ ಸುರಪುರದ ಕಡೆಯವರಿಗೆ ಇಂದಿಗೂ ಹೊಂದುತ್ತದೋ ಇಲ್ಲವೋ, ಓದುಗರೇ ಹೇಳಬೇಕು.

ಮರುದಿನದ ಮಣ್ಣಿನ ಸೈನ್ಯ ಸಿಕ್ಕಿದ ಬಗೆ ಯಾದಗಿರಿ ಜಿಲ್ಲೆಯವರಿಗೆ ಹೊಸದೆನಿಸದು. 1974ರ ಮಾರ್ಚ್‌ನಲ್ಲಿ ನೀರಿಲ್ಲದ ರೈತರು ಬಾವಿ ತೋಡುತ್ತಿದ್ದರು. ಗುದ್ದಲಿಗೆ ಮಣ್ಣಿನ ಬೊಂಬೆಯ ಚೂರು ತಾಗಿತು. ಆಳುದ್ದದ ಸುಮಾರು ಎಂಟು ಸಾವಿರ ಸೈನಿಕರು ಅಲ್ಲಿದ್ದಾರೆಂದು ಅಂದಾಜು. ಹೊರಗೆ ತೆಗೆದಿರುವುದು ಸ್ವಲ್ಪ ಪಾಲು ಮಾತ್ರ. ಉಳಿದವರನ್ನು ತೆಗೆಯದೆ ಬಿಟ್ಟಿರುವುದಕ್ಕೆ ಕಾರಣ ರಸಾಯನ ವಿಜ್ಞಾನ. ಬೊಂಬೆಗಳಿಗೆ ಅರಗಿನಂಥ ಲೇಪದ ಮೇಲೆ ಬಣ್ಣ ಬಳಿದಿದ್ದರು. ಎರಡು ಸಾವಿರ ವರ್ಷ ತೇವದಲ್ಲಿದ್ದ ಆ ಲೇಪ ಒಣ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಟಿಕೊಂಡು ಉದುರುತ್ತದೆ. ಇವರನ್ನು ಮಾಡಿಸಿದ ಚಕ್ರವರ್ತಿ ಚಿನ್ ಶಿ ಹುವಾಂಗ್ ಸತ್ತದ್ದು ಕ್ರಿ.ಪೂ. 210ರಲ್ಲಿ, ಅಶೋಕನ ಸಾವಿನ ಒಂದೆರಡು ದಶಕಗಳ ನಂತರ.

ಈಗ ಭೀಮಾ ದಂಡೆಯ ಸನ್ನತಿಗೆ ಬನ್ನಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬಂದ ಶಿಲ್ಪದ ಕೆಳಗೆ 'ರಾಯೋ ಅಸೋಕೋ' ಎಂದು ಹೆಸರೇ ಕೆತ್ತಿದೆ. ಶಿಯಾನ್‌ನಲ್ಲಿ ಟಿಕೆಟ್ಟಿಗೆ ಸಾಲು ನಿಂತ ಹುಡುಗಿಗೆ ತಂದೆ ಇದನ್ನು ಹೇಳಿದರೆ ಅವಳು ಕೇಳುವ ಪ್ರಶ್ನೆ ಸಹಜವಾದದ್ದು: "ಅಪ್ಪಾ, ಸನ್ನತಿಗೆ ನಾವ್ಯಾಕ ಹೋಗಿಲ್ಲ?" ನಾರಾಯಣಪುರದಿಂದ ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆಗೆ ಬರಬಹುದು. ತಂದೆಯ ಹತ್ತಿರ ಉತ್ತರ ಇರಲಿಕ್ಕಿಲ್ಲ.

ಅದೇ ದಿನ ಚೊಂಗ್‌ಚಿಂಗ್‌ಗೆ ವಿಮಾನ, ರಾತ್ರಿ ಯಾಂಗ್ತ್ಸೆ ನದಿಯಲ್ಲಿ ಹಡಗು. ಇಲ್ಲಿಂದ ಮುಂದಿನ ಮೂರು ದಿನ ಮುತ್ಯಾನ ದಿನಗಳು.

ಹಡಗಿನ ಅಂಗಡಿಯಲ್ಲಿ ಸಾಲಾಗಿ ಇಟ್ಟ ಬಾಟಲಿಗಳ ಮೇಲಿನ ಚಿತ್ರ ನೋಡಿ ಅವರು ನಿಂತುಬಿಡುತ್ತಾರೆ. "ತಂಗಿ, ಇದು ಜ್ವಾಳದ ತೆನಿ ಅಲ್ಲೇನು?" ಹೌದು, ಜೋಳವೇ. ಚೀನೀಯರು ಅದನ್ನು 'ಗಾವೊಲ್ಯಾಂಗ್' ಎನ್ನುತ್ತಾರೆ. ಆಫ್ರಿಕದಲ್ಲಿ ಹುಟ್ಟಿದ ಈ ಬೆಳೆ ಭಾರತಕ್ಕೂ ಬಂತು, ಚೀನಾಕ್ಕೂ ಹೋಯಿತು. ಅಲ್ಲಿ ಒಂದು ಕಾಲಕ್ಕೆ ಬಡವರ ಊಟವಾಗಿತ್ತು. ಈಗ ಹೆಚ್ಚಿನ ಪಾಲು ಬಟ್ಟಿ ಇಳಿಸುವ ಮದ್ಯಕ್ಕೆ ಹೋಗುತ್ತದೆ. ರೊಟ್ಟಿ ಮಾಡುವವರು ಅಲ್ಲಿ ಕಾಣುವುದಿಲ್ಲ. ಆಯಿಯ ಡಬ್ಬಿಯ ರೊಟ್ಟಿಯೊಂದನ್ನು ಮುರಿದು ಅಂಗಡಿಯ ಹುಡುಗಿಗೆ ಕೊಟ್ಟು ಮುತ್ಯಾ ಬಾಟಲಿಯ ಚಿತ್ರ ತೋರಿಸಿದರೆ, ಇಬ್ಬರ ನಡುವೆ ಅಷ್ಟು ಸಂಭಾಷಣೆ ಮುಗಿದಂತೆ.

ಐದನೆಯ ದಿನ ಹಡಗು ಶಿಬಾವೊಜಾಯ್ ಎಂಬಲ್ಲಿ ನಿಲ್ಲುತ್ತದೆ. ಕಡಿದಾದ ಬಂಡೆಗೆ ಒರಗಿಸಿ ಕಟ್ಟಿದ, 56 ಮೀಟರ್ ಎತ್ತರದ, ಹನ್ನೆರಡು ಅಂತಸ್ತಿನ ಮರದ ಗೋಪುರ. ಹಿಂದೆ ಅದು ನದಿಯಿಂದ ಎಷ್ಟೋ ಮೇಲೆ, ದಂಡೆಯ ಮೇಲಿತ್ತು. ಕೆಳಗಿನ ಅಣೆಕಟ್ಟು ತುಂಬಿದ ಮೇಲೆ ನೀರು ಅದರ ಬುಡಕ್ಕೇ ಬಂತು. ಬುಡದ ಸುತ್ತಲೂ ಎತ್ತರದ ಗೋಡೆ ಕಟ್ಟಿ ನೀರನ್ನು ಹೊರಗೇ ತಡೆದಿದ್ದಾರೆ. ಈಗ ಅದೊಂದು ನಡುಗಡ್ಡೆ. ತೂಗುಸೇತುವೆ ದಾಟಿ ಹೋಗಬೇಕು. ತಂಡದ ಉಳಿದವರು ಗೋಪುರದ ಕಡೆ ಕ್ಯಾಮೆರಾ ಹಿಡಿದಿದ್ದರೆ ಮುತ್ಯಾ ಗೋಡೆಯನ್ನೇ ನೋಡುತ್ತಾರೆ. "ಸಂಗಮದಾಗೂ ಹಿಂಗ ಕಟ್ಯಾರ."

ಅವರ ಮಾತು ಅಕ್ಷರಶಃ ನಿಜ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಅದನ್ನು ಉಳಿಸಲು ಸುತ್ತಲೂ ಬಾವಿಯಂಥ ಗುಂಡು ಗೋಡೆ ಕಟ್ಟಿದರು. ಇಂದು ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಕೈಮುಗಿದು ಬರುತ್ತಾರೆ. ಎರಡೂ ಕಡೆ ಎಂಜಿನಿಯರರಿಗೆ ಹೊಳೆದ ಉಪಾಯ ಒಂದೇ, ಯಾಕೆಂದರೆ ಎರಡೂ ಕಡೆ ನೀರು ಮಾಡುವ ಕೆಲಸ ಒಂದೇ. ಗೋಡೆಯ ಮೇಲೆ ನೀರಿನ ಒತ್ತಡ ಅದರ ಹಿಂದೆ ಎಷ್ಟು ದೂರದವರೆಗೆ ನೀರಿದೆ ಎಂಬುದನ್ನು ನೋಡುವುದಿಲ್ಲ, ಎಷ್ಟು ಆಳವಿದೆ ಎಂಬುದನ್ನು ಮಾತ್ರ ನೋಡುತ್ತದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಗೋಡೆ ಗುಂಡಗಿದ್ದರೆ ಆ ಒತ್ತಡವೇ ಕಲ್ಲು ಕಲ್ಲನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಹಳ್ಳಿಯ ಸೇದುವ ಬಾವಿ ಗುಂಡಗಿರುವುದರ ಗುಟ್ಟೂ ಇದೇ.

ಆರನೆಯ ದಿನ ಕಮರಿಗಳು. ಮೊದಲು ಚುತಾಂಗ್, ಆಮೇಲೆ ವೂ. ಚುತಾಂಗ್‌ನ ಬಾಯಲ್ಲಿ ಎರಡು ಬೆಟ್ಟಗಳು ಬಾಗಿಲ ಚೌಕಟ್ಟಿನಂತೆ ನಿಂತಿವೆ. ಚೀನಾದ ಹತ್ತು ಯುವಾನ್ ನೋಟಿನ ಹಿಂಬದಿಯಲ್ಲಿ ಇರುವುದು ಇದೇ ಚಿತ್ರ. ಜನ ನೋಟು ಎತ್ತಿ ಹಿಡಿದು ಬೆಟ್ಟಕ್ಕೆ ಹೊಂದಿಸಿ ಚಿತ್ರ ತೆಗೆಯುತ್ತಾರೆ. ಚೀನೀ ಲಿಪಿಯಲ್ಲಿ ಬೆಟ್ಟಕ್ಕೆ 'ಶಾನ್' ಎಂಬ ಅಕ್ಷರ, ಮೂರು ಶಿಖರ ನಿಲ್ಲಿಸಿದ ಹಾಗೆ. ಇಲ್ಲಿ ನಿಂತರೆ ಆ ಅಕ್ಷರ ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ದಂಡೆಯಲ್ಲಿ ಅಲ್ಲಲ್ಲಿ 175 ಎಂದು ಬರೆದ ಫಲಕಗಳಿವೆ. ಹುಡುಗಿ ಕೇಳಿದರೆ ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಾಳೆ. ಸಮುದ್ರ ಮಟ್ಟದಿಂದ 175 ಮೀಟರ್. ಅಣೆಕಟ್ಟು ತುಂಬಿದಾಗ ನೀರು ನಿಲ್ಲುವ ಗೆರೆ. ಮಳೆಗಾಲಕ್ಕೆ ಮುಂಚೆ ಪ್ರವಾಹಕ್ಕೆ ಜಾಗ ಮಾಡಲು 145ಕ್ಕೆ ಇಳಿಸುತ್ತಾರೆ, ಅಕ್ಟೋಬರ್ ಕೊನೆಯ ಹೊತ್ತಿಗೆ ಮತ್ತೆ 175ಕ್ಕೆ ಏರಿಸುತ್ತಾರೆ. ಅದಕ್ಕಾಗಿಯೇ ಬೇಸಿಗೆಯಲ್ಲಿ ದಂಡೆಯುದ್ದಕ್ಕೂ ಮೂವತ್ತು ಮೀಟರಿನ ಬೋಳು ಪಟ್ಟಿ ಕಾಣುತ್ತದೆ. ಆ ಗೆರೆಯ ಕೆಳಗೆ ಇದ್ದವರು ಸುಮಾರು 13 ಲಕ್ಷ ಜನ.

"ಎಲ್ಲಿ ಹೋದ್ರಂತ ಕೇಳು" ಎನ್ನುತ್ತಾರೆ ಮುತ್ಯಾ.

ಮೊಮ್ಮಗಳು ಕೇಳುತ್ತಾಳೆ. ಬಹಳಷ್ಟು ಜನ ಮೇಲಿನ ಹೊಸ ಊರುಗಳಿಗೆ, ಒಂದಷ್ಟು ಜನ ದೂರದ ಪ್ರಾಂತಗಳಿಗೆ ಎಂದು ಮಾರ್ಗದರ್ಶಿ ಹೇಳುತ್ತಾಳೆ. ಹೊಸ ಮನೆ, ಅಗಲವಾದ ರಸ್ತೆ, ಶಾಲೆ ಎಂಬ ಕಲಿತ ಪಾಠವನ್ನೂ ಒಪ್ಪಿಸುತ್ತಾಳೆ. ಈ ನದಿಯ ಮಾರ್ಗದರ್ಶಿಗಳಲ್ಲಿ ಮುಳುಗಿದ ಊರಿನ ಮಕ್ಕಳೂ ಇರುತ್ತಾರೆ. ಇವಳೂ ಅಂಥವಳೇ ಎಂದಿಟ್ಟುಕೊಳ್ಳಿ. ಪಾಠ ಮುಗಿದ ಮೇಲೆ ತುಸು ತಡೆದು ಹೇಳುತ್ತಾಳೆ: ತನ್ನ ಅಜ್ಜನ ಮನೆ 140 ಮೀಟರಿನಲ್ಲಿತ್ತು.

ಹುಡುಗಿ ಕನ್ನಡದಲ್ಲಿ ಹೇಳುವ ತನಕವೂ ಮುತ್ಯಾ ಕಾಯುವುದಿಲ್ಲ; ಅಂಕಿ ಅರ್ಥವಾಗಿರುತ್ತದೆ. ಬೆರಳು ಎಣಿಸಿ, "ನಮ್ದು ನಾಕ್ನೂರಾ ತೊಂಬತ್ತು" ಎನ್ನುತ್ತಾರೆ.

ಬಸವಸಾಗರದ ಪೂರ್ಣ ಮಟ್ಟ 492.25 ಮೀಟರ್. ಆಲಮಟ್ಟಿಯದು 519.6, ಅದನ್ನು 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಾಧೀಕರಣ ಒಪ್ಪಿದೆ. ಕೃಷ್ಣೆಯ ಹಿನ್ನೀರಿನ ಹಳ್ಳಿಗಳಲ್ಲಿ ಇಂತಹ ದಶಾಂಶ ಬಿಂದುಗಳನ್ನು ಓದು ಬಾರದ ಮುದುಕಿಯರೂ ಬಾಯಿಪಾಠ ಹೇಳುತ್ತಾರೆ. ಹಳೆಯ ಬಾಗಲಕೋಟೆಯ ಓಣಿಗಳು ಯಾವ ಅಂಕಿಯ ಕೆಳಗೆ ಹೋದವು, ನವನಗರ ಯಾವ ಅಂಕಿಯ ಮೇಲೆ ಎದ್ದಿತು ಎಂಬುದು ಆ ಭಾಗದ ಮಕ್ಕಳಿಗೆ ಮಗ್ಗಿಯಷ್ಟೇ ಪರಿಚಿತ. ಚೀನಾದಲ್ಲಿ 175ಕ್ಕೂ ಅಷ್ಟೇ ಬೆಲೆ.

ಏಳನೆಯ ದಿನ ಬೆಳಿಗ್ಗೆ ಅಣೆಕಟ್ಟು. ಇಂಗ್ಲಿಷಿನಲ್ಲಿ ತ್ರೀ ಗಾರ್ಜಸ್, ಚೀನೀಯರಿಗೆ ಸಾನ್‌ಶಿಯಾ. ಕೆಲಸ ಶುರುವಾದದ್ದು 1994ರಲ್ಲಿ, ಕಟ್ಟಡ ಮುಗಿದದ್ದು 2006ರಲ್ಲಿ, ಮೊದಲ ಬಾರಿ 175 ಮುಟ್ಟಿದ್ದು 2010ರಲ್ಲಿ. ತಂಡದ ಎಲ್ಲರೂ ಬಾಯಿ ತೆರೆದು ನೋಡುತ್ತಿರುವಾಗ ಮಾರ್ಗದರ್ಶಿ ಉದ್ದ ಹೇಳುತ್ತಾಳೆ: 2.3 ಕಿಲೋಮೀಟರ್. ಹುಡುಗಿಗೆ ನಗು ಬರುತ್ತದೆ. ಅವಳ ಊರಿನ ಅಣೆಕಟ್ಟು 10.6 ಕಿಲೋಮೀಟರ್! ನಾರಾಯಣಪುರದ್ದು ನಾಲ್ಕು ಪಟ್ಟಿಗೂ ಹೆಚ್ಚು ಉದ್ದ.

ಇದು ಬರೀ ಹೆಮ್ಮೆಯ ಮಾತಲ್ಲ, ಒಳ್ಳೆಯ ಪ್ರಶ್ನೆ. ಉದ್ದ ಹೆಚ್ಚಿದ್ದರೂ ನಾರಾಯಣಪುರದ್ದು ಯಾಕೆ ಚಿಕ್ಕದು? ಉತ್ತರ ನೆಲದ ಆಕಾರದಲ್ಲಿದೆ. ಬಯಲಿನಲ್ಲಿ ಹರಿಯುವ ಕೃಷ್ಣೆಗೆ ಇಕ್ಕೆಲದಲ್ಲಿ ಬೆಟ್ಟಗಳಿಲ್ಲ; ನೀರು ಪಕ್ಕದಿಂದ ಸುತ್ತಿ ಹೋಗದಂತೆ ತಡೆಯಲು ಕಿಲೋಮೀಟರುಗಟ್ಟಲೆ ಏರಿ ಹಾಕಬೇಕು. ಎತ್ತರ ಮಾತ್ರ 29 ಮೀಟರ್, ನಡುವೆ 30 ಗೇಟು. ಯಾಂಗ್ತ್ಸೆ ಬೆಟ್ಟಗಳ ನಡುವೆ ಹರಿಯುತ್ತದೆ. ಅಲ್ಲಿ ಗೋಡೆ ಗಿಡ್ಡವಾಗಿ ಅಡ್ಡ ನಿಂತು 181 ಮೀಟರ್ ಮೇಲೇಳಬಹುದು. ಆಳ ಆರು ಪಟ್ಟಾದರೆ ತಳದ ಒತ್ತಡವೂ ಆರು ಪಟ್ಟು. ಅದಕ್ಕೇ ಇಲ್ಲಿ ಬಹುಭಾಗ ಮಣ್ಣಿನ ಏರಿ ಸಾಕಾಯಿತು, ಅಲ್ಲಿ ಪೂರ್ತಿ ಕಾಂಕ್ರೀಟೇ ಬೇಕಾಯಿತು. ನೀರಿನ ಲೆಕ್ಕ ಹೀಗಿದೆ: ಅಲ್ಲಿ 39.3 ಘನ ಕಿಲೋಮೀಟರ್, ಇಲ್ಲಿಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 1,388 ಟಿಎಂಸಿ. ಬಸವಸಾಗರದ ಒಟ್ಟು ಸಾಮರ್ಥ್ಯ 37.96 ಟಿಎಂಸಿ. ಮೂವತ್ತಾರು ಬಸವಸಾಗರ ಸೇರಿದರೂ ಸ್ವಲ್ಪ ಕಡಿಮೆಯೇ.

ಇಷ್ಟು ನೀರನ್ನು ಎತ್ತರಕ್ಕೆ ಏರಿಸಿ ನಿಲ್ಲಿಸಿದರೆ ಭೂಮಿಯ ತಿರುಗುವಿಕೆಗೂ ಅದು ತಿಳಿಯುತ್ತದೆ. ಕೈ ಚಾಚಿದ ನರ್ತಕಿ ನಿಧಾನವಾಗಿ ತಿರುಗುವಂತೆ, ದ್ರವ್ಯ ಅಕ್ಷದಿಂದ ದೂರ ಸರಿದರೆ ತಿರುಗುವ ವೇಗ ತಗ್ಗುತ್ತದೆ. ದಿನದ ಉದ್ದ 0.06 ಮೈಕ್ರೊಸೆಕೆಂಡ್ ಹೆಚ್ಚುತ್ತದೆ ಎಂದು ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಹದಿನಾರು ಹದಿನೇಳು ಚೂರು ಮಾಡಿದರೆ ಒಂದು ಚೂರಿನಷ್ಟು. ಯಾರ ಗಡಿಯಾರವೂ ತಪ್ಪುವುದಿಲ್ಲ. ಆದರೂ ಲೆಕ್ಕ ಲೆಕ್ಕವೇ.

ವಿದ್ಯುತ್ ಸಾಮರ್ಥ್ಯ 22,500 ಮೆಗಾವಾಟ್. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ 1,720 ಮೆಗಾವಾಟಿಗೆ ಹೋಲಿಸಿದರೆ ಅಂತಹ ಹದಿಮೂರು. ಪ್ರವಾಹ ತಡೆಯುವುದೂ ಇದರ ದೊಡ್ಡ ಕೆಲಸ. 1998ರ ಒಂದೇ ಮಳೆಗಾಲದ ಪ್ರವಾಹದಲ್ಲಿ ಚೀನಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಹಡಗುಗಳಿಗಾಗಿ ಐದು ಮೆಟ್ಟಿಲಿನ ನೀರಿನ ಕೋಣೆಗಳಿವೆ. ಒಂದು ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಕೋಣೆಗೆ ನೀರು ಬಿಟ್ಟು, ಎರಡರ ಮಟ್ಟ ಸಮನಾದ ಮೇಲೆ ನಡುವಿನ ಬಾಗಿಲು ತೆರೆಯುತ್ತಾರೆ. ಪಂಪು ಬೇಕಿಲ್ಲ, ಕೂಡಿಸಿದ ಪಾತ್ರೆಗಳಲ್ಲಿ ನೀರು ತಾನಾಗಿ ಸಮಮಟ್ಟಕ್ಕೆ ಬರುತ್ತದೆ ಎಂಬ ಪ್ರಯೋಗಶಾಲೆಯ ಪಾಠವೇ ಸಾಕು. ಹುಡುಗಿಗೆ ಈ ಕೋಣೆಗಳನ್ನು ಬಿಟ್ಟು ಬರಲು ಮನಸ್ಸೇ ಇರುವುದಿಲ್ಲ.

ಮುತ್ಯಾ ಕೇಳುವುದು ಬೇರೆ. "ಕಾಲವಿ ಎಲ್ಲಿ ಅವ?" ಎಡದಂಡೆಯಲ್ಲಿ 78 ಕಿ.ಮೀ., ಬಲದಂಡೆಯಲ್ಲಿ 95 ಕಿ.ಮೀ. ಕಾಲುವೆ ನೋಡಿದ ಕಣ್ಣಿಗೆ ಕಾಲುವೆಯಿಲ್ಲದ ಅಣೆಕಟ್ಟು ಅರ್ಧ ಕೆಲಸದಂತೆ ಕಾಣುತ್ತದೆ. ಇಲ್ಲಿಯ ನೀರು ಹೊಲಕ್ಕಲ್ಲ, ಬೆಳಕಿಗೆ ಎಂದು ಮಗ ಬಿಡಿಸಿ ಹೇಳಬೇಕಾಗುತ್ತದೆ. ಯಿಚಾಂಗ್ ನಗರಕ್ಕೆ ಇಳಿಯುವಾಗ ಇನ್ನೊಂದು ಅಣೆಕಟ್ಟು ಸಿಗುತ್ತದೆ, ಗೆಜೌಬಾ. ಮೇಲಿನ ದೊಡ್ಡಣ್ಣ ಏರುಪೇರಾಗಿ ಬಿಟ್ಟ ನೀರನ್ನು ಹಿಡಿದು ಸಮನಾಗಿ ಕೆಳಗೆ ಬಿಡುವುದು ಇದರ ಒಂದು ಕೆಲಸ. ಕೆಳಗಿನದೇ ಮೊದಲು ಮುಗಿಯಿತು, ಮೇಲಿನದು ಆಮೇಲೆ. ಆಲಮಟ್ಟಿಗೆ ನಾರಾಯಣಪುರ ಇರುವುದೂ ಹೀಗೆಯೇ, ಸಮತೋಲನ ಜಲಾಶಯವಾಗಿ. 1982ರಲ್ಲಿ ನಾರಾಯಣಪುರ ಮುಗಿದಾಗ ಆಲಮಟ್ಟಿಯ ಕೆಲಸ ಇನ್ನೂ ಎಷ್ಟೋ ಬಾಕಿ ಇತ್ತು.

ಆ ರಾತ್ರಿ ಯಿಚಾಂಗ್‌ನಿಂದ ಊರಿಗೆ ಫೋನು. ಅಲ್ಲಿಯ ಜಾಲದಲ್ಲಿ ವಾಟ್ಸಾಪ್ ತೆರೆಯುವುದಿಲ್ಲ, ನೇರ ಕರೆಯೇ ಮಾಡಬೇಕು. ಅಲ್ಲಿ ಒಂಬತ್ತೂವರೆ, ನಾರಾಯಣಪುರದಲ್ಲಿ ಏಳು. ಆಯಿಗೆ ಎಮ್ಮೆ ಕಟ್ಟಿ ಬಿಡುವಾದ ಹೊತ್ತು. ಹುಡುಗಿ ಹಡಗಿನ ಮೆಟ್ಟಿಲು, ಮೂವತ್ತಾರು ಬಸವಸಾಗರದ ಲೆಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ. ಆಮೇಲೆ ಮುತ್ಯಾ ಫೋನು ತೆಗೆದುಕೊಳ್ಳುತ್ತಾರೆ.

"ನೋಡಿದಿ. ಭಾಳ ದೊಡ್ಡದದ. ಹದಿಮೂರು ಲಕ್ಷ ಮಂದಿದು ಮುಳಗ್ಯಾದಂತ."

ಆಯಿ ಒಂದು ಗಳಿಗೆ ಸುಮ್ಮನಿರುತ್ತಾಳೆ. ಆಮೇಲೆ, "ಇಲ್ಲಿ ಹಿಂಗಾರಿಗಿ ನೀರು ಬಿಡ್ತಾರೋ ಇಲ್ಲೋ, ಇನ್ನಾ ಮೀಟಿಂಗ್ ಆಗಿಲ್ಲಂತ. ನೀವು ಬರೂದ್ಯಾವಾಗ?"